ಅಚ್ಛೋದದ ದಂಡೆಯಲ್ಲಿ ಉಳಿದವರು

ದಿನವೂ ನಾವು ಆಡುವ ಮಾತುಗಳಲ್ಲಿ ಕೆಲವಕ್ಕೆ ತಮ್ಮ ತವರು ಮರೆತುಹೋಗಿರುತ್ತದೆ. ‘ಕಾದಂಬರಿ’ ಎಂಬುದು ಅಂಥದೊಂದು ಮಾತು. ಪುಸ್ತಕದ ಅಂಗಡಿಯಲ್ಲಿ ನಿಂತು “ಹೊಸ ಕಾದಂಬರಿ ಏನಾದರೂ ಬಂದಿದೆಯೆ?” ಎಂದು ಕೇಳುವಾಗ ನಾವು ಒಬ್ಬ ಗಂಧರ್ವಕನ್ಯೆಯ ಹೆಸರನ್ನು ಉಚ್ಚರಿಸುತ್ತಿದ್ದೇವೆಂಬುದು ಯಾರ ನೆನಪಿಗೂ ಬರುವುದಿಲ್ಲ. ಬಂಗಾಳಿಗಳೂ ಹಿಂದಿಯವರೂ ಅದನ್ನು ‘ಉಪನ್ಯಾಸ’ ಎನ್ನುತ್ತಾರೆ, ತೆಲುಗರಿಗೆ ಅದು ‘ನವಲ’, ಗುಜರಾತಿಗಳಿಗೆ ‘ನವಲಕಥಾ’. ಮರಾಠಿಗರೂ ನಾವೂ ಮಾತ್ರ ಏಳನೆಯ ಶತಮಾನದ ಒಂದು ಸಂಸ್ಕೃತ ಗದ್ಯಗ್ರಂಥದ ಹೆಸರನ್ನೇ ಎತ್ತಿಕೊಂಡು ಆ ಇಡೀ ಸಾಹಿತ್ಯಜಾತಿಗೆ ಇಟ್ಟುಬಿಟ್ಟೆವು. ಆ ಗ್ರಂಥ ನಮ್ಮ ಈಗಿನ ಅರ್ಥದಲ್ಲಿ ವಾಸ್ತವ ಜೀವನದ ಕಥೆಯೇನೂ ಅಲ್ಲ. ಅದರಲ್ಲಿ ಮಾತನಾಡುವ ಗಿಣಿಯಿದೆ, ಕುದುರೆಯಾಗಿ ಹುಟ್ಟಿದ ಋಷಿಕುಮಾರನಿದ್ದಾನೆ, ಶಾಪಕ್ಕೆ ಸಿಕ್ಕಿ ಭೂಮಿಗಿಳಿದ ಚಂದ್ರನಿದ್ದಾನೆ. ಪಾತ್ರಗಳು ಒಂದು ಜನ್ಮದಿಂದ ಇನ್ನೊಂದಕ್ಕೆ ದಾಟುತ್ತವೆ.

ಕನ್ನಡ ಪಾಠ ಹೇಳುವ ನಾನು ಬಾಣಭಟ್ಟನ ಬಳಿಗೆ ಹೋದದ್ದು ನಾಗವರ್ಮನ ‘ಕರ್ಣಾಟಕ ಕಾದಂಬರಿ’ಯ ಮೂಲಕ. ನಮ್ಮ ತರಗತಿಗಳಿಗೆ ಈಗ ಬರುವ ಹುಡುಗ ಹುಡುಗಿಯರ ಚೀಲದಲ್ಲಿ ದಪ್ಪ ದಪ್ಪ ಇಂಗ್ಲಿಷ್ ಕಾದಂಬರಿಗಳಿರುತ್ತವೆ. ಅವುಗಳ ಮೊದಲ ಪುಟದಲ್ಲಿ ಇಲ್ಲದ ದೇಶವೊಂದರ ನಕ್ಷೆ, ಕೊನೆಯಲ್ಲಿ ಇಲ್ಲದ ಅರಸುಮನೆತನಗಳ ವಂಶಾವಳಿ. ಆ ಪುಸ್ತಕಗಳಲ್ಲಿ ಯಾರೋ ಸತ್ತರೆಂದು ಇವರು ನಿಜವಾಗಿ ಕಣ್ಣೀರಿಡುವುದನ್ನು ನಾನು ಕಂಡಿದ್ದೇನೆ. ಹಿರಿಯರು ಇದಕ್ಕೆ ನಗುತ್ತಾರೆ. ಇಲ್ಲದ ಲೋಕಕ್ಕಾಗಿ ಅಳುವುದು ಏಕೆ ಎಂಬುದು ಅವರ ಪ್ರಶ್ನೆ. ನಗುವಂಥ ಪ್ರಶ್ನೆಯಲ್ಲ ಅದು. ಸಾವಿರದ ಮುನ್ನೂರು ವರ್ಷಗಳಿಗೂ ಹಿಂದೆ ಬಾಣನು ಕೈಹಾಕಿದ ಕೆಲಸದ ತಿರುಳೇ ಅದರಲ್ಲಿದೆ.

ಕಾಲವನ್ನು ಮೊದಲು ಗೊತ್ತುಮಾಡಿಕೊಳ್ಳೋಣ. ಬಾಣನು ಕನೂಜದ ಹರ್ಷವರ್ಧನನ ಆಸ್ಥಾನದಲ್ಲಿದ್ದವನು. ಹರ್ಷನ ಆಳ್ವಿಕೆ 606ರಿಂದ 647ರವರೆಗೆ. ನಮ್ಮ ಇಮ್ಮಡಿ ಪುಲಕೇಶಿಯು ಇದೇ ಹರ್ಷನನ್ನು ತಡೆದು ಹಿಮ್ಮೆಟ್ಟಿಸಿದನೆಂಬುದನ್ನು 634ರ ಐಹೊಳೆಯ ಶಾಸನ ಹೆಮ್ಮೆಯಿಂದ ಹೇಳುತ್ತದೆ. ಹರ್ಷನ ಸೇನೆ ನರ್ಮದೆಯ ಈಚೆಗೆ ಬರಲಿಲ್ಲ. ಅವನ ಕವಿಯ ಕಥೆ ಬಂದಿತು, ಬಂದು ನಮ್ಮ ಮನೆಯ ಮಾತಾಯಿತು.

ಪ್ರಾಚೀನ ಕವಿಗಳಲ್ಲಿ ತಮ್ಮ ಬಾಳಿನ ಸಂಗತಿಗಳನ್ನು ಬರೆದಿಟ್ಟವರು ವಿರಳ. ಬಾಣನು ‘ಹರ್ಷಚರಿತ’ದ ಮೊದಲಲ್ಲಿ ತನ್ನ ಕಥೆಯನ್ನು ತಾನೇ ಹೇಳಿದ್ದಾನೆ. ಶೋಣನದಿಯ ದಂಡೆಯ ಪ್ರೀತಿಕೂಟದಲ್ಲಿ ಹುಟ್ಟಿದವನು. ಚಿಕ್ಕಂದಿನಲ್ಲೇ ತಾಯಿ ರಾಜದೇವಿ ತೀರಿಕೊಂಡಳು. ತಂದೆ ಚಿತ್ರಭಾನುವೇ ತಾಯಿಯೂ ಆಗಿ ಸಾಕಿದನು. ಹುಡುಗನಿಗೆ ಹದಿನಾಲ್ಕರ ಪ್ರಾಯವಾಗುವ ಹೊತ್ತಿಗೆ ಆ ತಂದೆಯೂ ಹೋದನು. ಆಮೇಲೆ ಮನೆಯಲ್ಲಿ ನಿಲ್ಲದೆ ವಿಷವೈದ್ಯ, ಜೂಜುಗಾರ, ಗಾಯಕ, ಸಂನ್ಯಾಸಿ ಮೊದಲಾದ ಗೆಳೆಯರ ದೊಡ್ಡ ಗುಂಪನ್ನು ಕಟ್ಟಿಕೊಂಡು ಊರೂರು ಅಲೆದನು. ಅರಸನ ಆಸ್ಥಾನ ಅವನಿಗೆ ದೊರೆತದ್ದು ಈ ಅಲೆದಾಟವೆಲ್ಲ ಮುಗಿದ ಮೇಲೆ. ಈ ಸಂಗತಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ‘ಕಾದಂಬರಿ’ಯನ್ನು ತೆರೆಯಬೇಕು.

ತೆರೆದವರಿಗೆ ಮೊದಲು ಎದುರಾಗುವುದು ಕಷ್ಟ. ಬಾಣನ ಒಂದೊಂದು ವಾಕ್ಯ ಪುಟಗಟ್ಟಲೆ ಸಾಗುತ್ತದೆ. ಕ್ರಿಯಾಪದ ಕಾಣುವ ಹೊತ್ತಿಗೆ ಕರ್ತೃಪದ ಮರೆತಿರುತ್ತದೆ. ಜರ್ಮನಿಯ ವಿದ್ವಾಂಸ ವೇಬರನು 1853ರಲ್ಲಿ ಬೇಸತ್ತು, ಈ ಗದ್ಯ ಭಾರತದ ದಟ್ಟ ಕಾಡಿನಂತಿದೆ, ಪೊದೆಗಳನ್ನು ಕಡಿದು ದಾರಿಮಾಡಿಕೊಳ್ಳದೆ ಮುಂದೆ ಹೋಗುವಂತಿಲ್ಲ, ಅಷ್ಟು ಮಾಡಿದರೂ ಅಪರಿಚಿತ ಶಬ್ದಗಳೆಂಬ ಕಾಡುಮೃಗಗಳು ಎರಗುತ್ತವೆ ಎಂಬ ಅರ್ಥದ ಮಾತು ಬರೆದನು. ಹೋಲಿಕೆ ಚೆನ್ನಾಗಿದೆ, ದೂರು ಮಾತ್ರ ಸರಿಯಲ್ಲ. ಕಾಡನ್ನು ಕಟ್ಟಲು ಹೊರಟವನ ಬರಹ ಕಾಡಿನಂತಿದ್ದರೆ ಅದು ತಪ್ಪೇನಲ್ಲ.

ಕಥೆಯ ಕಟ್ಟಡವಂತೂ ಗೂಡಿನೊಳಗೆ ಗೂಡು. ವೇತ್ರವತಿಯ ದಂಡೆಯ ವಿದಿಶೆಯಲ್ಲಿ ಶೂದ್ರಕನೆಂಬ ಅರಸನ ಆಸ್ಥಾನಕ್ಕೆ ಚಂಡಾಲಕನ್ಯೆಯೊಬ್ಬಳು ಒಂದು ಗಿಣಿಯನ್ನು ತರುತ್ತಾಳೆ. ಗಿಣಿ ತನ್ನ ಕಥೆಯನ್ನು ಅರಸನಿಗೆ ಹೇಳುತ್ತದೆ. ಅದರ ನಡುವೆ ಜಾಬಾಲಿ ಮಹರ್ಷಿ ತನ್ನ ಆಶ್ರಮದಲ್ಲಿ ಹೇಳಿದ ಕಥೆ ಬರುತ್ತದೆ: ಉಜ್ಜಯಿನಿಯ ಅರಸ ತಾರಾಪೀಡ, ಮಂತ್ರಿ ಶುಕನಾಸ, ರಾಜಕುಮಾರ ಚಂದ್ರಾಪೀಡ, ಅವನ ಗೆಳೆಯ ವೈಶಂಪಾಯನ. ಚಂದ್ರಾಪೀಡನು ದಿಗ್ವಿಜಯಕ್ಕೆ ಹೋದಾಗ ಕಿನ್ನರ ಮಿಥುನವೊಂದನ್ನು ಅಟ್ಟಿಕೊಂಡು ದಾರಿತಪ್ಪಿ ಹಿಮವತ್ಪ್ರದೇಶದ ಅಚ್ಛೋದ ಸರೋವರವನ್ನು ಸೇರುತ್ತಾನೆ. ಅಲ್ಲಿ ಶಿವಾಲಯದಲ್ಲಿ ವೀಣೆ ನುಡಿಸುತ್ತಿದ್ದ ಮಹಾಶ್ವೇತೆ ತನ್ನ ಕಥೆಯನ್ನು ಹೇಳುತ್ತಾಳೆ. ಆ ಕಥೆಯೊಳಗೆ ಕಪಿಂಜಲನು ತನ್ನ ಗೆಳೆಯ ಪುಂಡರೀಕನ ವಿರಹವನ್ನು ಅವಳಿಗೆ ವರ್ಣಿಸುತ್ತಾನೆ. ಕಪಿಂಜಲನ ಮಾತು ಮಹಾಶ್ವೇತೆಯ ಬಾಯಲ್ಲಿ, ಅವಳ ಮಾತು ಜಾಬಾಲಿಯ ಬಾಯಲ್ಲಿ, ಅವನ ಮಾತು ಗಿಣಿಯ ಬಾಯಲ್ಲಿ, ಗಿಣಿಯ ಮಾತು ಕವಿಯ ಬಾಯಲ್ಲಿ: ಹೀಗೆ ಐದು ಬಾಯಿಗಳನ್ನು ದಾಟಿ ಒಂದು ನಿಟ್ಟುಸಿರು ನಮ್ಮ ಕಿವಿಗೆ ಬೀಳುತ್ತದೆ.

ಇದು ಬರಿಯ ಚಮತ್ಕಾರವಲ್ಲವೆಂಬುದು ಕೊನೆಗೆ ತಿಳಿಯುತ್ತದೆ. ಕೇಳುತ್ತ ಕುಳಿತ ಶೂದ್ರಕನೇ ಹಿಂದಿನ ಜನ್ಮದ ಚಂದ್ರಾಪೀಡ. ಹೇಳುತ್ತಿರುವ ಗಿಣಿಯೇ ವೈಶಂಪಾಯನ; ಅದಕ್ಕೂ ಹಿಂದೆ ಅವನೇ ಪುಂಡರೀಕ. ಜಾಬಾಲಿಯ ಆಶ್ರಮದಲ್ಲಿ ಆ ಪುಟ್ಟ ಹಕ್ಕಿ ಯಾರದೋ ಕಥೆಯೆಂದು ಕೇಳಿದ್ದು ತನ್ನದೇ ಸಾವಿನ ಕಥೆ. ಅರಸನು ಮರೆತದ್ದು ತನ್ನದೇ ಪ್ರೇಮವನ್ನು. ಗುಣಾಢ್ಯನ ‘ಬೃಹತ್ಕಥೆ’ಯಿಂದ ಈ ಕಥೆಯ ಎಲುಬು ಬಂದದ್ದೆಂಬುದು ನಿಜ; ಸೋಮದೇವನ ‘ಕಥಾಸರಿತ್ಸಾಗರ’ದಲ್ಲಿ ಅದು ಬೇರೆ ಹೆಸರುಗಳಿಂದ ಕೆಲವೇ ಪುಟಗಳಲ್ಲಿ ಮುಗಿದುಹೋಗುತ್ತದೆ. ಅದನ್ನು ಓದಿ ಯಾರೂ ಅಳುವುದಿಲ್ಲ. ಒಂದೇ ಕಥೆ ಅಲ್ಲಿ ಕುತೂಹಲವಾಗಿ ಇಲ್ಲಿ ದುಃಖವಾಗುವುದಕ್ಕೆ ಕಾರಣ, ಬಾಣನು ನಡುವೆ ಕಟ್ಟಿದ ಲೋಕ.

ವಿಂಧ್ಯಾಟವಿಯ ಬೂರುಗದ ಮರವನ್ನು ನೋಡಿ. ಪಂಪಾಸರೋವರದ ಬಳಿಯ ಆ ಮುದಿಮರದ ಬುಡ, ಕೊಂಬೆ, ಪೊಟರೆ, ಅದರಲ್ಲಿ ನೂರಾರು ವರ್ಷಗಳಿಂದ ನೆಲಸಿದ ಗಿಣಿಗಳ ಸಂಸಾರ, ಇವನ್ನೆಲ್ಲ ಬಾಣನು ಸಾವಧಾನವಾಗಿ ವರ್ಣಿಸುತ್ತಾನೆ. ಅವಸರದ ಓದುಗನು ಈ ಪುಟಗಳನ್ನು ಮಗುಚಿಬಿಡುತ್ತಾನೆ. ಅಲ್ಲೊಂದು ಮುದಿ ಗಿಣಿ. ಅದರ ಮಡದಿ ಮರಿಯನ್ನು ಹೆತ್ತು ಸತ್ತಿತು. ರೆಕ್ಕೆ ಸಡಿಲಿ ಹಾರಲಾರದ ತಂದೆ ಬೇರೆಯವರ ಗೂಡಿನಿಂದ ಉದುರಿದ ಕಾಳನ್ನೂ ಮರದ ಬುಡದಲ್ಲಿ ಬಿದ್ದ ಹಣ್ಣಿನ ಚೂರನ್ನೂ ಆಯ್ದು ತಂದು ಮರಿಗೆ ಕೊಟ್ಟು, ಉಳಿದುದನ್ನು ತಾನು ತಿನ್ನುತ್ತದೆ. ಒಂದು ಬೆಳಗ್ಗೆ ಬೇಟೆಗಾರರ ದಂಡು ಬಂದು ಹೋಗುತ್ತದೆ. ಹಿಂದುಳಿದ ಒಬ್ಬ ಮುದಿ ಶಬರ, ಬೇಟೆ ಸಿಗದೆ, ಮರವೇರಿ ಗಿಣಿಗಳನ್ನು ಹಣ್ಣು ಕೀಳುವಂತೆ ಕಿತ್ತು ಕೊಂದು ಕೆಳಕ್ಕೆ ಎಸೆಯುತ್ತಾನೆ. ತಂದೆಗಿಣಿ ಓಡಿಹೋಗಲಾರದು, ಮರಿಯನ್ನು ರೆಕ್ಕೆಯಿಂದ ಮುಚ್ಚಿಕೊಳ್ಳುವುದಷ್ಟೇ ಅದರ ಕೈಲಾಗುವ ಕೆಲಸ. ಅದನ್ನೂ ಕೊಂದು ಎಸೆದಾಗ ಎದೆಯ ಕೆಳಗೆ ಅಂಟಿಕೊಂಡಿದ್ದ ಮರಿ ತರಗೆಲೆಯ ರಾಶಿಯ ಮೇಲೆ ಬಿದ್ದು ಬದುಕಿಕೊಳ್ಳುತ್ತದೆ.

ಅಷ್ಟು ಹೊತ್ತು ಆ ಮರದಲ್ಲಿ ನಾವು ವಾಸಮಾಡಿರದಿದ್ದರೆ ಈ ಸಾವು ನಮ್ಮನ್ನು ತಟ್ಟುತ್ತಿರಲಿಲ್ಲ. ತಟ್ಟುವುದು ಇನ್ನೂ ಒಂದಿದೆ. ತಂದೆ ಸತ್ತು ಕೆಲವು ಗಳಿಗೆಯೂ ಆಗಿಲ್ಲ, ಮರಿಗೆ ಬಾಯಾರುತ್ತದೆ. ನೀರಿನ ಕಡೆಗೆ ತೆವಳುತ್ತ ಅದು ತನ್ನನ್ನು ತಾನೇ ಹಳಿದುಕೊಳ್ಳುತ್ತದೆ: ತಂದೆ ಹೋದರೂ ಉಸಿರಾಡುತ್ತಿದ್ದೇನಲ್ಲ, ಜೀವದ ಆಸೆ ಎಷ್ಟು ನಿರ್ದಯವಾದದ್ದು ಎಂದು. ತಾಯಿಯಿಲ್ಲದೆ ತಂದೆಯೇ ಸಾಕಿ, ಹದಿನಾಲ್ಕಕ್ಕೆ ಆ ತಂದೆಯನ್ನೂ ಕಳೆದುಕೊಂಡ ಹುಡುಗನ ಕಥೆಯನ್ನು ‘ಹರ್ಷಚರಿತ’ದಲ್ಲಿ ಓದಿದವರಿಗೆ ಇಲ್ಲಿ ಯಾರ ದನಿ ಕೇಳುತ್ತದೆಂದು ಬೇರೆ ಹೇಳಬೇಕಾಗಿಲ್ಲ. ಸ್ವಂತ ಚರಿತ್ರೆಯಲ್ಲಿ ಕೆಲವೇ ಮಾತುಗಳಲ್ಲಿ ಹೇಳಿ ಮುಗಿಸಿದ ಅಳಲನ್ನು ಬಾಣನು ಗಿಣಿಯ ಕೊರಳಲ್ಲಿಟ್ಟು ವಿಸ್ತಾರವಾಗಿ ಹೇಳಿದನೆಂದೇ ನನ್ನ ನಂಬಿಕೆ.

‘ಕಾದಂಬರಿ’ಯನ್ನು ಪ್ರೇಮಕಥೆಯೆಂದು ಹೇಳುವುದು ವಾಡಿಕೆ. ಪ್ರೇಮವೇನೋ ಉಂಟು. ಆದರೆ ಇದು ಅದಕ್ಕಿಂತ ಹೆಚ್ಚಾಗಿ ಉಳಿದವರ ಕಥೆ. ಪ್ರೀತಿಸಿದವರು ಸತ್ತುಹೋದ ಮೇಲೆ ಬದುಕಿಕೊಂಡವರು ಏನು ಮಾಡಬೇಕು ಎಂಬುದೇ ಇದರ ಪ್ರಶ್ನೆ. ಗಿಣಿಮರಿ ಅವರಲ್ಲಿ ಮೊದಲನೆಯದು. ಮಹಾಶ್ವೇತೆ ಎರಡನೆಯವಳು. ಪುಂಡರೀಕನನ್ನು ಪ್ರೀತಿಸಿ, ಬೆಳುದಿಂಗಳ ರಾತ್ರಿಯಲ್ಲಿ ಅವನ ಬಳಿಗೆ ಹೋದರೆ ಅವನಾಗಲೇ ವಿರಹದಿಂದ ಪ್ರಾಣಬಿಟ್ಟಿದ್ದಾನೆ. ಅವಳು ಚಿತೆಗೆ ಸಿದ್ಧಳಾಗುತ್ತಾಳೆ. ಚಂದ್ರಮಂಡಲದಿಂದ ದಿವ್ಯಪುರುಷನೊಬ್ಬನು ಇಳಿದು, ಪ್ರಾಣ ಬಿಡಬೇಡ, ಮತ್ತೆ ಇವನನ್ನು ಸೇರುವೆ ಎಂದು ಹೇಳಿ ಶವವನ್ನೆತ್ತಿಕೊಂಡು ಹೋಗುತ್ತಾನೆ. ಅಂದಿನಿಂದ ಅವಳು ಅಚ್ಛೋದದ ದಂಡೆಯಲ್ಲಿ ತಪಸ್ವಿನಿ. ಇನ್ನೂ ಬದುಕಿದ್ದೇನಲ್ಲ ಎಂದು ಅವಳೂ ಗಿಣಿಯಂತೆಯೇ ತನ್ನನ್ನು ಹಳಿದುಕೊಳ್ಳುತ್ತಾಳೆ.

ಆಗ ಚಂದ್ರಾಪೀಡನು ಹೇಳುವ ಸಮಾಧಾನ ನಮ್ಮ ಸಾಹಿತ್ಯಚರಿತ್ರೆಯಲ್ಲಿ ಗುರುತುಹಾಕಿ ಇಡಬೇಕಾದ ಮಾತು. ಸತ್ತವರ ಹಿಂದೆ ಸಾಯುವ ಅನುಮರಣವು ನಿಷ್ಫಲ, ಅದು ತಿಳಿಗೇಡಿಗಳು ಹಿಡಿಯುವ ದಾರಿ ಎಂದು ಅವನು ನೇರವಾಗಿ ಹೇಳುತ್ತಾನೆ. ಅದರಿಂದ ಸತ್ತವನು ಬದುಕುವುದಿಲ್ಲ, ಅವನಿಗೆ ಯಾವ ಉಪಕಾರವೂ ಆಗುವುದಿಲ್ಲ. ಉಳಿದವರು ಬದುಕಿದ್ದರೆ ಒಂದು ಬೊಗಸೆ ತರ್ಪಣವನ್ನಾದರೂ ಬಿಟ್ಟಾರು. ರತಿ, ಕುಂತಿ, ಉತ್ತರೆ, ದುಃಶಲೆ ಇವರೆಲ್ಲ ಗಂಡಂದಿರು ಹೋದ ಮೇಲೂ ಬದುಕಲಿಲ್ಲವೆ ಎಂದು ಕೇಳುತ್ತಾನೆ. ದಿವ್ಯಪುರುಷನ ಭರವಸೆಯ ಮಾತನ್ನು ಅವನು ನೆನಪಿಸುವುದು ಇವೆಲ್ಲ ಆದ ಮೇಲೆ.

ಚರಿತ್ರೆಯ ವಿದ್ಯಾರ್ಥಿಗೆ ಇಲ್ಲೊಂದು ವಿಚಾರ ಹೊಳೆಯಬೇಕು. ಇದೇ ಬಾಣನು ‘ಹರ್ಷಚರಿತ’ದಲ್ಲಿ ಹರ್ಷನ ತಾಯಿ ಯಶೋವತಿ, ಗಂಡನ ಕೊನೆಯುಸಿರಿಗೂ ಮೊದಲೇ ಅಗ್ನಿಯನ್ನು ಹೊಕ್ಕುದನ್ನು ಗೌರವದಿಂದಲೇ ವರ್ಣಿಸಿದ್ದಾನೆ. ಆಶ್ರಯದಾತನ ಮನೆತನದ ಚರಿತ್ರೆಯಲ್ಲಿ ನಡೆದುದನ್ನು ಹಾಗೆಯೇ ಹೇಳಬೇಕಾಯಿತು. ಗಂಧರ್ವರ ಸರೋವರದ ಬಳಿ ಅವನ ಕೈ ಹಿಡಿಯುವವರಿರಲಿಲ್ಲ. ಕಲ್ಪಿತ ಲೋಕವೆಂದರೆ ನಿಜದಿಂದ ತಪ್ಪಿಸಿಕೊಳ್ಳುವ ಜಾಗ ಎನ್ನುವವರು ಈ ಎರಡು ಗ್ರಂಥಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಲಿ. ಕಂಪೆನಿ ಸರ್ಕಾರವು ಸತೀಪದ್ಧತಿಯನ್ನು ಬಂಗಾಳದಲ್ಲಿ ಕಾನೂನಿನಿಂದ ನಿಲ್ಲಿಸಿದ್ದು 1829ರಲ್ಲಿ. ಹನ್ನೆರಡು ಶತಮಾನಗಳ ಹಿಂದೆ ಆ ವಾದ ಒಂದು ಅದ್ಭುತಕಥೆಯೊಳಗೆ ಬರೆದು ಇಡಲ್ಪಟ್ಟಿತ್ತು.

ಈ ಲೋಕಕ್ಕೆ ಕಟ್ಟುನಿಟ್ಟಾದ ನಿಯಮಗಳೂ ಉಂಟು. ಮಹಾಶ್ವೇತೆ ತನ್ನ ಕಥೆಯನ್ನು ಅಪ್ಸರೆಯರ ಹದಿನಾಲ್ಕು ಕುಲಗಳಿಂದ ಆರಂಭಿಸುತ್ತಾಳೆ. ಅವುಗಳಲ್ಲಿ ಒಂದು ಚಂದ್ರಕಿರಣದಿಂದ ಹುಟ್ಟಿದ್ದು; ತನ್ನ ತಾಯಿ ಗೌರಿ ಆ ಕುಲದವಳು ಎನ್ನುತ್ತಾಳೆ. ಅಳುತ್ತಿರುವವಳು ವಂಶಾವಳಿಯನ್ನೇಕೆ ಹೇಳಬೇಕು ಎಂದು ನಮಗೆ ಬೇಸರವಾಗುತ್ತದೆ. ಪುಂಡರೀಕನು ಸಾಯುವಾಗ ತನ್ನನ್ನು ಸುಟ್ಟ ಚಂದ್ರನಿಗೆ, ನೀನೂ ಭೂಮಿಯಲ್ಲಿ ಹುಟ್ಟಿ ಇದೇ ದುಃಖ ಪಡು ಎಂದು ಶಾಪವಿತ್ತದ್ದೂ, ಚಂದ್ರನು ಪ್ರತಿಶಾಪವಿತ್ತದ್ದೂ, ಆಮೇಲೆ ಮಹಾಶ್ವೇತೆ ತನ್ನ ಕಿರಣದ ಕುಲದವಳೆಂದು ನೆನೆದು ಕನಿಕರಿಸಿ ಶವವನ್ನು ಕಾಪಾಡಿದ್ದೂ ಬಹಳ ಮುಂದೆ ತಿಳಿಯುತ್ತವೆ. ಆ ವಂಶಾವಳಿಯ ಒಂದು ಎಳೆಯಿಂದಲೇ ಪುಂಡರೀಕನ ಜೀವ ತೂಗುತ್ತಿತ್ತು. ಬಿತ್ತಿದ್ದು ಬಾಣ, ಬೆಳೆಯನ್ನು ಕೊಯ್ದವನು ಅವನಲ್ಲ.

ಏಕೆಂದರೆ ಗ್ರಂಥ ಅರ್ಧದಲ್ಲೇ ನಿಂತಿತು. ಚಂದ್ರಾಪೀಡನು ಹೇಮಕೂಟದಲ್ಲಿ ಕಾದಂಬರಿಯನ್ನು ಕಂಡು, ತಂದೆಯ ಓಲೆ ಬಂದು ಉಜ್ಜಯಿನಿಗೆ ಮರಳಿದ್ದಾನೆ. ಹಿಂದುಳಿದಿದ್ದ ಪತ್ರಲೇಖೆ ಬಂದು ಕಾದಂಬರಿಯ ಮಾತುಗಳನ್ನು ಅವನಿಗೆ ಒಪ್ಪಿಸುತ್ತಿದ್ದಾಳೆ. ಆ ಮಾತಿನ ನಡುವೆಯೇ ಬಾಣನ ಲೇಖನಿ ನಿಂತುಹೋಯಿತು. ಅವನು ತೀರಿಕೊಂಡನು. ಭೂಷಣಭಟ್ಟನೆಂದೂ ಪುಲಿಂದನೆಂದೂ ಹೆಸರು ಹೇಳುವ ಅವನ ಮಗ ಉತ್ತರಭಾಗವನ್ನು ಬರೆದು ಮುಗಿಸಿದನು. ಆರಂಭದ ಪದ್ಯಗಳಲ್ಲಿ ಅವನು ಹೇಳುವ ಕಾರಣ ಇಷ್ಟು: ತಂದೆ ಸ್ವರ್ಗಸ್ಥನಾದಾಗ ಕಥೆಯೂ ಅವನ ಮಾತಿನ ಜೊತೆಗೆ ಕಡಿದುಹೋಯಿತು, ಅದು ಮುಗಿಯಲಿಲ್ಲವೆಂದು ಸಜ್ಜನರಿಗಾದ ದುಃಖವನ್ನು ಕಂಡು ನಾನು ತೊಡಗಿದೆ, ಕವಿಯೆಂಬ ಹೆಮ್ಮೆಯಿಂದಲ್ಲ.

ಈ ಮಾತನ್ನು ಕವಿಗಳ ವಿನಯವೆಂದು ತಳ್ಳಿಹಾಕುವವರುಂಟು. ನನಗೆ ಅದು ಅಮೂಲ್ಯವಾದ ಚಾರಿತ್ರಿಕ ಸಾಕ್ಷಿಯಾಗಿ ಕಾಣುತ್ತದೆ. ಕಥೆಯೊಂದು ನಡುವೆ ನಿಂತಿತೆಂದು ಏಳನೆಯ ಶತಮಾನದಲ್ಲಿ ಓದುಗರು ನೊಂದರು. ಕಾದಂಬರಿಯ ಗತಿಯೇನಾಯಿತು, ಮಹಾಶ್ವೇತೆಗೆ ಪುಂಡರೀಕ ದೊರೆತನೆ ಎಂದು ಅವರು ಕೇಳಿರಬೇಕು. ಇಲ್ಲದ ಲೋಕಕ್ಕಾಗಿ ಅಳುವವರು ಇಂದಿನ ಹುಡುಗರು ಮಾತ್ರವಲ್ಲ.

ಮಗನ ಬರಹ ತಂದೆಯದರಷ್ಟು ಸೊಂಪಾಗಿಲ್ಲವೆಂದು ಪಂಡಿತರು ಹೇಳುತ್ತ ಬಂದಿದ್ದಾರೆ. ಆದರೆ ಅವನ ಪಾಲಿಗೆ ಬಂದ ಕೆಲಸವನ್ನು ನೆನೆಯಬೇಕು. ಉತ್ತರಭಾಗದಲ್ಲಿ ಮಹಾಶ್ವೇತೆ ತನ್ನನ್ನು ಬೆನ್ನಟ್ಟಿದ ವೈಶಂಪಾಯನನಿಗೆ ಯಾರೆಂದು ತಿಳಿಯದೆ ಶಾಪಕೊಡುತ್ತಾಳೆ. ಅವನು ಸತ್ತನೆಂದು ಕೇಳಿ ಚಂದ್ರಾಪೀಡನ ಎದೆಯೊಡೆಯುತ್ತದೆ. ಸತ್ತರೂ ಅವನ ದೇಹ ಕೆಡುವುದಿಲ್ಲ. ಅದನ್ನು ಕಾಪಾಡಿಕೊಂಡಿರು ಎಂದು ಕಾದಂಬರಿಗೆ ಅಶರೀರವಾಣಿಯಾಗುತ್ತದೆ. ಸುದ್ದಿ ತಿಳಿದು ಉಜ್ಜಯಿನಿಯಿಂದ ತಾರಾಪೀಡ, ವಿಲಾಸವತಿಯರು ಬಂದು, ರಾಜ್ಯದ ಹಂಬಲ ಬಿಟ್ಟು, ಮಗನು ಕಣ್ಣುತೆರೆಯುವ ದಿನಕ್ಕಾಗಿ ಆ ಕಾಡಿನಲ್ಲೇ ಕಾದುಕೊಂಡು ನಿಲ್ಲುತ್ತಾರೆ. ಸತ್ತ ಮಗನ ಬಳಿ ಕಾಯುವ ತಂದೆಯನ್ನು ಚಿತ್ರಿಸಿದವನು, ಸತ್ತ ತಂದೆಯ ಗ್ರಂಥದ ಬಳಿ ಕುಳಿತ ಮಗ. ಅವನೂ ಉಳಿದವರಲ್ಲಿ ಒಬ್ಬ. ವಸಂತದ ಒಂದು ದಿನ ಕಾದಂಬರಿಯ ಅಪ್ಪುಗೆಯಲ್ಲಿ ಚಂದ್ರಾಪೀಡನು ಎಚ್ಚರುತ್ತಾನೆ, ಪುಂಡರೀಕನೂ ಮರಳುತ್ತಾನೆ. ತನ್ನ ಬಾಳಿನಲ್ಲಿ ಆಗಲಾರದ್ದನ್ನು ಮಗನು ತಂದೆಯ ಕಥೆಯಲ್ಲಿ ಆಗಿಸಿದನು.

ಮೂರು ಶತಮಾನಗಳಿಗೂ ಮಿಕ್ಕ ಕಾಲ ಕಳೆದ ಮೇಲೆ, ಸುಮಾರು 990ರಲ್ಲಿ, ನಾಗವರ್ಮನು ಈ ಕಥೆಯನ್ನು ಕನ್ನಡಕ್ಕೆ ತಂದನು. ಇವನೂ ‘ಛಂದೋಂಬುಧಿ’ಯ ನಾಗವರ್ಮನೂ ಒಬ್ಬನೇ ಎಂಬುದು ವಿದ್ವಾಂಸರ ಚರ್ಚೆಯ ವಿಷಯ, ಅದು ಹಾಗಿರಲಿ. ಗದ್ಯವಾಗಿದ್ದುದನ್ನು ಅವನು ಚಂಪುವಾಗಿಸಿದನು. ಉದ್ದುದ್ದ ವರ್ಣನೆಗಳನ್ನು ಸವರಿ ಹಗುರಮಾಡಿದನು. ತಂದೆಯ ಭಾಗವನ್ನೂ ಮಗನ ಭಾಗವನ್ನೂ ಸೇರಿಸಿಯೇ ಅನುವಾದಿಸಿದನು. ಭಾಷಾಂತರಕಾರನಾಗಿ ಅವನು ಮಾಡಿದ ಆಯ್ಕೆ ಒಬ್ಬ ಒಳ್ಳೆಯ ಓದುಗನ ತೀರ್ಪೂ ಹೌದು. ಕಾಡಿನ ಕೊಂಬೆಗಳನ್ನು ಸವರಬಹುದು, ದಾರಿಯನ್ನು ಬದಲಿಸಬಾರದು ಎಂದು ಅವನು ಕಂಡುಕೊಂಡಿದ್ದನು. ಮುಂದೆ ಹದಿನೈದನೆಯ ಶತಮಾನದಲ್ಲಿ ಗುಜರಾತಿಯ ಭಾಲಣ ಕವಿ ಇದನ್ನು ತನ್ನ ನುಡಿಗೆ ತಂದನು. ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ಗಂಗಾಧರ ಮಡಿವಾಳೇಶ್ವರ ತುರಮರಿಯವರು ಹೊಸ ಕಾಲದ ಕನ್ನಡಿಗರಿಗೆ ಮತ್ತೆ ಬಾಣನ ಕಥೆಯನ್ನು ಕೊಟ್ಟರು. 1896ರಲ್ಲಿ ರಿಡಿಂಗ್ ಎಂಬ ವಿದುಷಿ ಅದನ್ನು ಇಂಗ್ಲಿಷಿಗೆ ತಿರುಗಿಸಿದಳು.

ಆ ಹೊತ್ತಿಗೆ ಪಶ್ಚಿಮದಿಂದ ‘ನಾವೆಲ್’ ಬಂದಿತ್ತು. ಅದಕ್ಕೊಂದು ಹೆಸರು ಬೇಕಾಗಿತ್ತು. ಗದ್ಯದ ಹಿರಿಯ ಕಥೆಯೆಂದರೆ ಕಾದಂಬರಿ ಎಂದು ಆ ಹೆಸರು ನಿಂತಿತು. ಮರಾಠಿಯ ಮೊದಲ ಕಾದಂಬರಿಯೆಂದು ಎಣಿಸುವ ಬಾಬಾ ಪದಮನ್‌ಜೀಯವರ ‘ಯಮುನಾಪರ್ಯಟನ’ 1857ರದು. ಅದರ ವಸ್ತು ವಿಧವೆಯರ ಪಾಡು. ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿಯಾದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರಲ್ಲಿ ಪ್ರಕಟವಾಯಿತು. ಅದು ಓದು ಕಲಿತು ಮರುಮದುವೆಯಾಗುವ ತರುಣ ವಿಧವೆಯ ಕಥೆ. ಈ ಲೇಖಕರು ಬಾಣನನ್ನು ಮುಂದಿಟ್ಟುಕೊಂಡು ಬರೆದರೆಂದು ನಾನು ಹೇಳುತ್ತಿಲ್ಲ. ಕಾಲದ ಸುಧಾರಣೆಯ ಪ್ರಶ್ನೆಗಳು ಅವರ ಮುಂದಿದ್ದವು. ಆದರೂ ಬಾಣನ ಹೆಸರನ್ನು ಇಟ್ಟುಕೊಂಡ ಎರಡು ಭಾಷೆಗಳಲ್ಲಿಯೂ ಆ ಸಾಹಿತ್ಯಜಾತಿಯ ಮೊದಲ ನಾಯಿಕೆಯರ ಎದುರಿಗಿದ್ದದ್ದು ಮಹಾಶ್ವೇತೆಯ ಪ್ರಶ್ನೆಯೇ: ಉಳಿದವಳು ಬದುಕಬಹುದೆ, ಬದುಕುವುದಾದರೆ ಹೇಗೆ?

ಆದ್ದರಿಂದ ತರುಣರು ಇಲ್ಲದ ದೇಶಗಳ ನಕ್ಷೆ ಹಿಡಿದು ಕಣ್ಣೊರಸಿಕೊಳ್ಳುವುದನ್ನು ಕಂಡಾಗ ನಾನು ಬೇರೇನೂ ಹೇಳುವುದಿಲ್ಲ; ಆ ಪುಸ್ತಕ ಮುಗಿದ ಮೇಲೆ ನಾಗವರ್ಮನನ್ನು ಓದಿ, ಆಮೇಲೆ ಸಾಧ್ಯವಾದರೆ ಬಾಣನನ್ನು ಓದಿ ಎನ್ನುತ್ತೇನೆ. ಬೂರುಗದ ಮರದ ವರ್ಣನೆಯನ್ನು ಮಗುಚಿ ಮುಂದೆ ಹೋಗಬೇಡಿ ಎಂದೂ ಹೇಳುತ್ತೇನೆ. ಪತ್ರಲೇಖೆಯ ಮಾತು ತುಂಡಾಗುವ ಪುಟ ಬಂದಾಗ ಸ್ವಲ್ಪ ನಿಲ್ಲಬೇಕು. ಅಲ್ಲಿ ಒಬ್ಬನ ಕೈ ನಿಂತು ಇನ್ನೊಬ್ಬನ ಕೈ ತೊಡಗುತ್ತದೆ.